ಬಾಣ ಅಂಟಿಸಿದವರೇ ಸೂಜಿ ಹಿಡಿಯಬೇಕು

ಆ ಮನೆಯಲ್ಲಿ ತಿಂಗಳಿಗೊಮ್ಮೆ, ರಜೆಯ ದಿನ, ಒಗೆದ ಬಟ್ಟೆ ಒಣಗಿ ಒಳಗೆ ಬಂದ ಮೇಲೆ, ಮೂವರೂ ಚಾಪೆ ಹಾಸಿಕೊಂಡು ಕೂತು ತಂತಮ್ಮ ಬದುಕನ್ನು ಒಳಮಗ್ಗುಲು ಹೊರಗೆ ಮಾಡಿ ನೋಡುತ್ತಿದ್ದರು. ಹೀಗೆ ಹೇಳಿದರೆ ದೊಡ್ಡ ವಿಷಯ ಅನ್ನಿಸೀತು. ಬಾಗಿಲಲ್ಲಿ ಇಣುಕಿದವರಿಗೆ ಕಾಣುತ್ತಿದ್ದದ್ದು ಅಪ್ಪ, ಅಮ್ಮ, ಮಗಳು ಹರಿದ ಬಟ್ಟೆ ಗುಡ್ಡೆ ಹಾಕಿಕೊಂಡು ಹರಟುತ್ತಿರುವುದಷ್ಟೇ.

ಇದನ್ನು ಶುರು ಮಾಡಿದವಳು ಅಮ್ಮ. ಆಕೆ ಗಾರ್ಮೆಂಟ್ಸ್‌ನಲ್ಲಿ ಚೆಕ್ಕರ್. ಹೊಲಿದು ಬಂದ ಅಂಗಿಯನ್ನು ಮೇಜಿನ ಮೇಲೆ ಹರವಿ, ಕಾಲರಿನಿಂದ ಶುರುಮಾಡಿ, ಭುಜ, ತೋಳು, ಜೇಬು, ಗುಂಡಿ, ಅಂಚು ಅಂತ ಒಂದು ಸುತ್ತು ಬಂದು, ಕೊನೆಗೆ ತಿರುವಿ ಒಳಹೊಲಿಗೆ ನೋಡುವುದು ಅವಳ ಕೆಲಸ. ತಪ್ಪು ಕಂಡಲ್ಲಿ ಒಂದು ಕೆಂಪು ಬಾಣದ ಸ್ಟಿಕ್ಕರ್ ಅಂಟಿಸಬೇಕು. ಅವಳ ಕಣ್ಣು ತಪ್ಪಿಸಿಕೊಂಡು ಒಂದು ನೂಲೆಳೆಯೂ ಮುಂದೆ ಹೋಗುತ್ತಿರಲಿಲ್ಲ. ಹಾಗಾಗಿ ಲೈನಿನ ಹೆಂಗಸರೆಲ್ಲ ಅವಳನ್ನು ಹದ್ದಕ್ಕ ಅನ್ನುತ್ತಿದ್ದರು.

ಮಗಳು ಚಿಕ್ಕವಳಿದ್ದಾಗ ಹದ್ದಕ್ಕ ಒಂದು ದಿನ ಬಾಣಗಳ ಹಾಳೆಯ ತುಂಡೊಂದನ್ನು ಮನೆಗೆ ತಂದಳು. ಮಗು ಅದನ್ನು ಕಂಡದ್ದೇ ತಡ, ಅಪ್ಪನ ಹೊಟ್ಟೆಗೆ ಒಂದು ಬಾಣ ಅಂಟಿಸಿ, "ಇದು ಜಾಸ್ತಿ ಆಗಿದೆ!" ಅಂದಿತು. ಅಪ್ಪ ಬಿದ್ದು ಬಿದ್ದು ನಕ್ಕ. ಆಮೇಲೆ ತಾನೂ ಒಂದು ಬಾಣ ಕಿತ್ತು ಸೋರುವ ನಲ್ಲಿಗೆ ಅಂಟಿಸಿದ. ಅಮ್ಮ ಅವನ ಬೀಡಿ ಕಟ್ಟಿಗೆ ಅಂಟಿಸಿದಳು. ಆವತ್ತೇ ಆಟಕ್ಕೊಂದು ನಿಯಮವೂ ಹುಟ್ಟಿತು. ಹೇಳಿದವಳು ಹದ್ದಕ್ಕನೇ.

"ಬರೀ ಬೊಟ್ಟು ಮಾಡಿ ತೋರ್ಸಿ ಕೈ ತೊಳ್ಕೊಳ್ಳೋ ಹಾಗಿಲ್ಲ. ಬಾಣ ಅಂಟಿಸಿದವರೇ ಸೂಜಿ ಹಿಡೀಬೇಕು."

ಅಂದರೆ, ಯಾರ ತಪ್ಪನ್ನು ಎತ್ತಿ ತೋರಿಸಿದೆಯೋ ಅವರ ಜೊತೆ ನಿಂತು ಅದನ್ನು ಸರಿಮಾಡು. ಬೀಡಿ ಬಿಡಿಸಲು ಹದ್ದಕ್ಕ ದಿನವೂ ಸಂಜೆ ಗಂಡನ ಜೊತೆ ಬೀದಿಯ ಕೊನೆಯವರೆಗೂ ನಡೆದಳು. ಲೆಕ್ಕ ಬಾರದ ಮಗಳಿಗೆ ಅಪ್ಪ, ತನಗೂ ಬಾರದ ಲೆಕ್ಕವನ್ನು ಕಲಿತುಕೊಂಡು ಹೇಳಿಕೊಟ್ಟ. ಹೀಗೆ ತಿಂಗಳು ತಿಂಗಳೂ ಮೈ ಹೇಗಿದೆ, ಕೆಲಸ ಹೇಗಿದೆ, ಓದು ಎಲ್ಲಿಗೆ ಬಂತು, ಒಬ್ಬರಿಗೊಬ್ಬರು ಮುಖ ಕೊಟ್ಟು ಮಾತಾಡಿ ಎಷ್ಟು ದಿನ ಆಯಿತು ಅಂತ ತಿರುವಿ ತಿರುವಿ ನೋಡಿ, ಆ ಒಂದು ಕೋಣೆಯ ಮನೆ ಸ್ವಲ್ಪ ಸ್ವಲ್ಪವೇ ನೆಟ್ಟಗಾಗುತ್ತ ಬಂದಿತ್ತು.

ಆದರೆ ವರ್ಷಗಳು ಉರುಳಿದಂತೆ ಬಾಣಗಳ ಹಾಳೆ ಹದ್ದಕ್ಕನ ಕೈಯಲ್ಲೇ ಉಳಿದುಬಿಟ್ಟಿತು. ಅವಳ ಸರದಿ ಬಂದಾಗ, "ನಂದೇನಿದೆ ಬಿಡ್ರೀ, ಎಲ್ಲಾ ಸರಿಯಾಗಿದೆ" ಅಂದು ಮುಂದಿನ ಬಟ್ಟೆ ಎತ್ತಿಕೊಳ್ಳುವಳು. ದಿನವಿಡೀ ಬೇರೆಯವರ ತಪ್ಪು ಹುಡುಕಿ ಹೊಟ್ಟೆ ಹೊರೆಯುವವಳಿಗೆ ತನ್ನ ಅಂಗಿ ತಿರುವುವುದು ಮರೆತೇ ಹೋಗಿತ್ತು. ಅದು ಅವಳೊಬ್ಬಳ ತಪ್ಪೇನಲ್ಲ. ಆ ಕಾರ್ಖಾನೆ ಅವಳಿಂದ ಬೇರೇನನ್ನೂ ಕೇಳಿರಲಿಲ್ಲ.

ಈಚಿನ ಕೆಲವು ತಿಂಗಳಿಂದ ಮಾತ್ರ ಅವಳಿಗೆ ಬಚ್ಚಿಡಲು ಒಂದು ವಿಷಯ ಇತ್ತು. ಅವಳ ಕಣ್ಣು ಮಂಜಾಗಿತ್ತು.

ದೂರದ್ದು ಚೆನ್ನಾಗಿಯೇ ಕಾಣುತ್ತಿತ್ತು, ಹತ್ತಿರದ್ದು ಕಲಸಿಹೋಗುತ್ತಿತ್ತು. ಕಪ್ಪಿಗೂ ಕಡುನೀಲಿಗೂ ವ್ಯತ್ಯಾಸ ತಿಳಿಯುತ್ತಿರಲಿಲ್ಲ. ಮೇಜಿನ ಮೇಲಿನ ಟ್ಯೂಬ್‌ಲೈಟು ಮಳೆಹುಳದಂತೆ ಪಟಪಟ ಹೊಡೆದುಕೊಂಡು ಉರಿಯುತ್ತಿತ್ತು. ಆ ಬೆಳಕಿನಲ್ಲಿ ಅವಳು ಕಣ್ಣಿನ ಕೆಲಸವನ್ನು ಬೆರಳುಗಳಿಗೆ ಒಪ್ಪಿಸಿ, ತಡವಿ ತಡವಿ ಹೊಲಿಗೆ ನೋಡುತ್ತಿದ್ದಳು. ಅಷ್ಟರಲ್ಲಿ ಸೂಪರ್‌ವೈಸರ್ ಬಂದು ಸಾರಿದ್ದ: ಮುಂದಿನ ವಾರ ಚೆಕ್ಕರುಗಳಿಗೆಲ್ಲ ಕಣ್ಣಿನ ಪರೀಕ್ಷೆ. ಕಣ್ಣು ಸರಿ ಇಲ್ಲದವರು, ಕನ್ನಡಕ ಹಾಕುವವರು ದಾರ ಕತ್ತರಿಸುವ ಬೆಂಚಿಗೆ.

ದಾರ ಕತ್ತರಿಸುವ ಬೆಂಚು ಅಂದರೆ ಏನು ಅಂತ ಎಲ್ಲರಿಗೂ ಗೊತ್ತಿತ್ತು. ಹೆಸರಿಗಷ್ಟೇ ಬೆಂಚು, ಅಲ್ಲಿ ಕೂರಲು ಸ್ಟೂಲಿಲ್ಲ, ಸಂಬಳ ಕಡಿಮೆ. ಅಲ್ಲಿಗೆ ಕಳಿಸಿದವರು ಒಂದೆರಡು ತಿಂಗಳಿಗೆ ಸುಸ್ತಾಗಿ ತಾವೇ ಬಿಟ್ಟುಹೋಗುತ್ತಿದ್ದರು. ಯಾರನ್ನೂ ತೆಗೆದ ಪಾಪ ಕಂಪನಿಗೆ ಅಂಟುತ್ತಿರಲಿಲ್ಲ. ಕಣ್ಣನ್ನು ಹೀರಿಕೊಂಡವರೇ ಕಣ್ಣಿನ ಪರೀಕ್ಷೆಗೆ ನಿಂತಿದ್ದರು. ಹದ್ದಕ್ಕ ತಡವುತ್ತಲೇ ಹೋದಳು. ಮೇಜು ಕೈತಪ್ಪಿದರೆ ಮನೆ ಒಂದು ಕಾಲಿನ ಮೇಲೆ ನಿಲ್ಲಬೇಕು. ಗಂಡ ಒಂದು ದೊಡ್ಡ ಕಟ್ಟಡದಲ್ಲಿ ಲಿಫ್ಟ್ ನಡೆಸುವವನು. "ಊರಿನ ದೊಡ್ಡೋರನ್ನೆಲ್ಲ ಮೇಲಕ್ಕೆ ತಂದವನು ನಾನೇ ಕಣೇ, ನಾನು ಮಾತ್ರ ಸಂಜೆಗೆ ನೆಲಕ್ಕೇ ಇಳೀತೀನಿ" ಅನ್ನುವುದು ಅವನ ಹಳೇ ನಗೆಚಾಟಿಕೆ.

ರಜೆಯ ದಿನ ಬಂತು. ಚಾಪೆ ಹಾಸಿದ್ದಾಯಿತು. ಮಗಳು ಗೋಡೆಗೆ ಒರಗಿ ಕೂತಳು. ಹೈಸ್ಕೂಲಿಗೆ ಬಂದರೂ ಮನೆಯಲ್ಲಿ ಅವಳ ಹೆಸರು ಗುಂಡಿ. ಎರಡು ವರ್ಷದವಳಿದ್ದಾಗ ಅಮ್ಮನ ಡಬ್ಬಿಯಿಂದ ಅಂಗಿಯ ಗುಂಡಿಯೊಂದನ್ನು ನುಂಗಿ ಎಲ್ಲರನ್ನೂ ಆಸ್ಪತ್ರೆಗೆ ಓಡಿಸಿದ್ದಕ್ಕೆ ಸಿಕ್ಕ ಬಿರುದು ಅದು.

"ಮೊದಲು ಅಪ್ಪಂದು" ಅಂದಳು ಹದ್ದಕ್ಕ. "ಮಂಡಿ ನೋವಿಗೆ ಎಣ್ಣೆ ಹಚ್ಕೋತಿದೀರಾ?"

"ಹಚ್ಕೋತಿದೀನಿ ತಾಯೀ. ಮಂಡಿ ಈಗ ಚೆನ್ನಾಗಿ ಹೊಳೀತಿದೆ. ನೋವು ಮಾತ್ರ ಹಾಗೇ ಇದೆ."

ಗುಂಡಿ ಕಿಸಕ್ಕೆಂದಳು. ಅಮ್ಮ ನಗಲಿಲ್ಲ. ಮಗಳ ಸ್ಕೂಲ್ ಬ್ಯಾಗನ್ನು ಹತ್ತಿರಕ್ಕೆಳೆದು, ಅದರ ಮೇಲೆ ಪಟ್ಟನೆ ಒಂದು ಬಾಣ ಅಂಟಿಸಿದಳು.

"ಇದ್ಯಾಕಮ್ಮಾ?"

"ನಿಮ್ಮ ಟೀಚರ್ ಮೊನ್ನೆ ದಾರೀಲಿ ಸಿಕ್ಕಿದ್ರು. ಕ್ಲಾಸಲ್ಲಿ ತೂಕಡಿಸ್ತೀಯಂತೆ. ಮೊದಲ ಪೀರಿಯಡ್ಡಿಗೇ ನಿದ್ದೆಯಂತೆ! ನಾಲ್ಕು ಮನೆ ಬಟ್ಟೆ ಹೊಲ್ದು ನಿನ್ನನ್ನ ಓದಿಸ್ತಿರೋದು ನೀನು ಬೆಂಚಿನ ಮೇಲೆ ನಿದ್ದೆ ಮಾಡ್ಲಿ ಅಂತಾನಾ?"

ಅದೂ ನಿಜ. ಕಾರ್ಖಾನೆಯಿಂದ ಬಂದ ಮೇಲೆ ಹದ್ದಕ್ಕ ಅಕ್ಕಪಕ್ಕದವರ ಬಟ್ಟೆಗೆ ಅಂಚು ಹೊಲಿದು, ಜಿಪ್ ಹಾಕಿಕೊಡುತ್ತಿದ್ದಳು. ಬೆಳಗ್ಗೆ ಸ್ಕೂಲಿಗೆ ಹೋಗುವಾಗ ಗುಂಡಿ ಅವನ್ನು ಮನೆಮನೆಗೆ ತಲುಪಿಸುತ್ತಿದ್ದಳು.

ಗುಂಡಿ ಬ್ಯಾಗಿನ ಮೇಲಿನ ಬಾಣವನ್ನೇ ನೋಡುತ್ತ ಕೂತಳು. ಅವಳ ಕೆಳತುಟಿ ಒಳಕ್ಕೆ ಹೋಯಿತು.

"ಬಾಯಿಗೆ ಬೀಗ ಹಾಕ್ಕೊಂಡಿದೀಯಾ? ಅಲ್ಲಾ, ಕೋಳಿಗಿಂತ ಮುಂಚೆ ಎದ್ದು ಏನ್ ಮಾಡ್ತೀಯಾ ನೀನು? ಓದೋದನ್ನಂತೂ ನಾನು ಕಂಡಿಲ್ಲ."

"ಕಂಡಿಲ್ಲ, ನಿಂಗೆ ಕಾಣಲ್ಲ" ಅಂದುಬಿಟ್ಟಳು ಗುಂಡಿ. ಅಂದವಳೇ ಬಾಯಿ ಮುಚ್ಚಿಕೊಂಡಳು.

ಹದ್ದಕ್ಕ ಕೇಳಿಸದವಳಂತೆ ಮಗಳ ಕಪ್ಪು ಯೂನಿಫಾರ್ಮ್ ಸ್ಕರ್ಟನ್ನು ಎತ್ತಿಕೊಂಡು ತಿರುವಿದಳು. ಹೋದ ತಿಂಗಳು ತಾನೇ ಅದರ ಅಂಚು ಬಿಚ್ಚಿ ಉದ್ದ ಮಾಡಿ ಹೊಲಿದಿದ್ದಳು. ಈಗ ಮಾತಿಗಿಂತ ಬಟ್ಟೆಯೇ ವಾಸಿ ಅಂತ ಬೆರಳುಗಳನ್ನು ಆ ಅಂಚಿನ ಮೇಲೆ ಹರಿಸಿದಳು.

ಬೆರಳು ನಿಂತಿತು.

ತನ್ನ ಹೊಲಿಗೆ ಹೇಗಿರುತ್ತದೆ ಅಂತ ಅವಳ ಬೆರಳಿಗೆ ಗೊತ್ತಿತ್ತು. ಸಣ್ಣದು, ಸಮನಾದದ್ದು, ಸಾಲು ಹೊರಟ ಇರುವೆಗಳಂಥದ್ದು. ಇಲ್ಲಿ ಒಂದು ಉದ್ದ, ಒಂದು ಗಿಡ್ಡ, ನಡುವೆ ಒಂದು ದಪ್ಪ ಗಂಟು, ಮತ್ತೆ ಸೊಟ್ಟಗೆ ಮೇಲೇರಿದ ಎಳೆ. ಅವಳು ಮತ್ತೊಮ್ಮೆ ತಡವಿದಳು.

"ಇದು ನನ್ನ ಹೊಲಿಗೆ ಅಲ್ಲ."

ಗಂಡ ತಲೆ ತಗ್ಗಿಸಿ ಮಂಡಿ ಉಜ್ಜತೊಡಗಿದ. ಇಷ್ಟು ಹೊತ್ತೂ ಇಲ್ಲದ ನೋವು ಅವನಿಗೆ ಈಗಲೇ ಬರಬೇಕೆ!

"ಯಾರು ಹೊಲಿದದ್ದು ಗುಂಡೀ?"

"ನಾನು."

"ಯಾಕೆ? ನಾನು ಹೊಲಿದಿದ್ನಲ್ಲ?"

"ನೀನು ನೀಲಿ ದಾರದಲ್ಲಿ ಹೊಲಿದಿದ್ದೆ ಅಮ್ಮಾ. ಕಪ್ಪು ಬಟ್ಟೆಗೆ." ಗುಂಡಿಯ ದನಿ ಸಣ್ಣಗಾಯಿತು. "ಹುಡ್ಗೀರು ನೋಡಿ ನಕ್ರು. ಆಮೇಲೆ ಮೂಲೆಮನೆ ಆಂಟಿ ಕೊಟ್ಟಿದ್ದ ಕಪ್ಪು ಪ್ಯಾಂಟ್‌ಗೂ ಹಾಗೇ ಆಗಿತ್ತು. ಅವರ ಕೈಗೆ ಕೊಡೋಕೆ ಮುಂಚೆ ನೋಡ್ದೆ. ಅವರು ನಿನಗೆ ಏನಾದ್ರೂ ಅಂದ್ರೆ... ಅದಕ್ಕೇ ಬೇಗ ಎದ್ದು, ಹೊರಗೆ ಮೆಟ್ಟಿಲ ಮೇಲೆ ಕೂತು ಬಿಚ್ಚಿ ಹೊಲೀತಿದ್ದೆ."

"ಎಲ್ಲಾನೂ?"

"ಎಲ್ಲಾನೂ ಅಲ್ಲ. ನೀನು ಸರಿಯಾಗಿ ಹೊಲಿದದ್ದೂ ಇರ್ತಿತ್ತು" ಅಂದು ಗುಂಡಿ ಅಮ್ಮನಿಗೆ ಸಮಾಧಾನ ಹೇಳಲು ನೋಡಿದಳು. "ಜಿಪ್ಪೆಲ್ಲ ಚೆನ್ನಾಗೇ ಇದ್ವು."

ಹದ್ದಕ್ಕ ಗಂಡನ ಕಡೆ ತಿರುಗಿದಳು. "ನಿಮಗೂ ಗೊತ್ತಿತ್ತಾ?"

"ಸೂಜಿಗೆ ದಾರ ಪೋಣಿಸಿ ಕೊಡ್ತಿದ್ದೆ, ಅಷ್ಟೇ" ಅಂದ ಅವನು, ಕಳ್ಳತನದಲ್ಲಿ ತನ್ನ ಪಾಲು ತೀರ ಚಿಕ್ಕದು ಅನ್ನುವವನಂತೆ. "ನೀನೇ ಹೇಳ್ತೀಯ ಅಂತ ಕಾಯ್ತಿದ್ವಿ. ಪ್ರತಿ ತಿಂಗಳೂ ನಂದೇನಿಲ್ಲ, ನಂದೇನಿಲ್ಲ ಅಂತಿದ್ದೆ. ಹೆಂಗೇ ಕೇಳೋದು ನಿನ್ನ? ನೀನು ಹದ್ದಕ್ಕ."

ಅವಳು ಸ್ಕರ್ಟನ್ನು ಮಡಿಲಲ್ಲಿಟ್ಟುಕೊಂಡಳು. ಬಾಣ ಅಂಟಿಸಿದವರೇ ಸೂಜಿ ಹಿಡಿಯಬೇಕು ಅಂತ ಈ ಮಗುವಿಗೆ ಕಲಿಸಿದವಳು ತಾನು. ಮಗು ಒಂದೇ ಒಂದು ಬಾಣ ಅಂಟಿಸದೆ, ಯಾರಿಗೂ ಕಾಣದ ಹಾಗೆ, ನಿದ್ದೆಗೆಟ್ಟು ಸೂಜಿ ಹಿಡಿದು ಕೂತಿತ್ತು. ಅದರ ಬ್ಯಾಗಿನ ಮೇಲೆ ತಾನೀಗ ಬಾಣ ಅಂಟಿಸಿದ್ದಳು.

ಕೈ ಚಾಚಿ ಅದನ್ನು ಕಿತ್ತಳು. ಕಿತ್ತದ್ದನ್ನು ಎಲ್ಲಿಡುವುದೆಂದು ಒಂದು ಗಳಿಗೆ ತಿಳಿಯಲಿಲ್ಲ. ಆಮೇಲೆ ತನ್ನ ಕಣ್ಣಿನ ಪಕ್ಕ, ಕಪೋಲದ ಮೇಲೆ ಅಂಟಿಸಿಕೊಂಡಳು.

"ನಂದೂ ಇದೆ" ಅಂದಳು. "ಹತ್ತಿರದ್ದು ಕಾಣ್ತಿಲ್ಲ. ತುಂಬಾ ದಿನ ಆಯ್ತು. ಮುಂದಿನ ವಾರ ಪರೀಕ್ಷೆ ಅಂತೆ. ಮೇಜಿಂದ ಎಬ್ಬಿಸಿಬಿಡ್ತಾರೆ ಅಂತ ಭಯ ಆಗ್ತಿದೆ ನಂಗೆ."

ಆ ಮನೆಯಲ್ಲಿ ಅವಳ ಬಾಯಿಂದ ಭಯ ಅನ್ನುವ ಮಾತು ಬಂದದ್ದು ಆವತ್ತೇ ಮೊದಲು. ಗುಂಡಿ ಚಾಪೆಯ ಮೇಲೆ ತೆವಳಿಕೊಂಡೇ ಬಂದು ಅಮ್ಮನ ತೊಡೆಯ ಮೇಲೆ ತಲೆಯಿಟ್ಟಳು. ಅಲ್ಲಿಂದಲೇ ಕೈ ಎತ್ತಿ ಕಪೋಲದ ಬಾಣವನ್ನು ಗಟ್ಟಿಯಾಗಿ ಒತ್ತಿದಳು.

"ಈಗ ಇದನ್ನ ನಾನು ಅಂಟಿಸಿದ್ದು ಅಂತ ಲೆಕ್ಕ. ನಾಳೆ ಕಣ್ಣಾಸ್ಪತ್ರೆಗೆ ನಾನೇ ಕರ್ಕೊಂಡು ಹೋಗ್ತೀನಿ. ಗಲಾಟೆ ಮಾಡೋ ಹಾಗಿಲ್ಲ."

"ಗುಂಡಿ ನುಂಗಿದಾಗ ಇವಳನ್ನ ಎತ್ಕೊಂಡು ಓಡಿದ್ದಕ್ಕೆ ಬಡ್ಡೀ ಸಮೇತ ತೀರಿಸ್ತಿದಾಳೆ ನೋಡು" ಅಂದ ಅಪ್ಪ. ಈ ಸಲ ಹದ್ದಕ್ಕ ನಕ್ಕಳು. ನಗುವಾಗ ಕಣ್ಣಲ್ಲಿ ನೀರು ಬಂದು ಬಾಣದ ಅಂಟು ಬಿಟ್ಟಿತು.

ಕನ್ನಡಕ ಬಂದ ದಿನ ಅವಳು ಮೊದಲು ನೋಡಿದ್ದು ಆ ಸ್ಕರ್ಟಿನ ಅಂಚನ್ನು. ಸೊಟ್ಟ ಸೊಟ್ಟ ಹೊಲಿಗೆಗಳು ಒಂದೊಂದಾಗಿ ಸ್ಪಷ್ಟವಾಗಿ ಕಂಡವು. ಎಲ್ಲವೂ ಕಪ್ಪು ದಾರವೇ. ಅಭ್ಯಾಸದಂತೆ ಬೆರಳು ಬಾಣದ ಹಾಳೆಯತ್ತ ಹೋಯಿತು. ಅವಳು ಅದನ್ನು ಹಿಂದಕ್ಕೆಳೆದುಕೊಂಡಳು. ಆ ಹೊಲಿಗೆಯನ್ನು ಬಿಚ್ಚುವ ಮನಸ್ಸು ಅವಳಿಗೆ ಬರಲಿಲ್ಲ.

ಮರುದಿನ ಕನ್ನಡಕ ಹಾಕಿಕೊಂಡೇ ಮೇಜಿಗೆ ನಿಂತಳು. ಪಕ್ಕದ ಮೇಜಿನವಳು ಗಾಬರಿಯಾಗಿ ಪಿಸುಗುಟ್ಟಿದಳು: "ತೆಗ್ಯೇ! ಸೂಪರ್‌ವೈಸರ್ ಬರ್ತಾನೆ. ಪರೀಕ್ಷೆ ಮುಗಿಯೋವರೆಗಾದ್ರೂ ತಡ್ಕೋ."

"ಎಷ್ಟು ದಿನ ತಡವ್ಕೊಂಡು ಕೆಲಸ ಮಾಡ್ಲಿ?" ಅಂದಳು ಹದ್ದಕ್ಕ. ಆಮೇಲೆ ಅವಳ ಕಣ್ಣು ಮೇಲೆ ಹೋಯಿತು. ಕನ್ನಡಕದ ಮೇಲಂಚಿನಿಂದ ನೋಡಿದಳು. ಎರಡೂ ತುದಿ ಕಪ್ಪಾಗಿ, ಪಟಪಟ ಹೊಡೆದುಕೊಳ್ಳುವ ಆ ಟ್ಯೂಬ್‌ಲೈಟು. ವರ್ಷಗಳಿಂದ ಅವಳು ಬೆಳಕು ಬಿದ್ದ ಬಟ್ಟೆಯನ್ನು ಪರೀಕ್ಷಿಸಿದ್ದಳೇ ಹೊರತು ಬೀಳುವ ಬೆಳಕನ್ನು ಒಮ್ಮೆಯೂ ಪರೀಕ್ಷಿಸಿರಲಿಲ್ಲ. ಮನೆಯಲ್ಲಿ ನಲ್ಲಿಗೂ ಬಾಣ, ಬೀಡಿಗೂ ಬಾಣ, ನಿದ್ದೆಗೆಟ್ಟ ಮಗುವಿಗೂ ಬಾಣ. ಇದಕ್ಕೆ ಮಾತ್ರ ಇಲ್ಲ.

ಸ್ಟೂಲಿನ ಮೇಲೆ ಹತ್ತಿದಳು. ಟ್ಯೂಬ್‌ಲೈಟಿನ ಪಟ್ಟಿಗೆ ಒಂದು ಕೆಂಪು ಬಾಣ ಅಂಟಿಸಿ ಇಳಿದಳು. ಪಕ್ಕದ ಮೇಜಿನವಳು ಒಂದು ಗಳಿಗೆ ನೋಡಿ, ತನ್ನ ತಲೆಯ ಮೇಲಿನದನ್ನು ನೋಡಿದಳು. ಆಮೇಲೆ ತಾನೂ ಸ್ಟೂಲು ಎಳೆದಳು.

ಸೂಪರ್‌ವೈಸರ್ ಬರುವಷ್ಟರಲ್ಲಿ ಚೆಕ್ಕಿಂಗ್ ಸಾಲಿನ ಮೇಲೆಲ್ಲ ಕೆಂಪು ಬಾಣಗಳು.

"ಯಾರ ಕೆಲಸ ಇದು?"

"ನಂದೇ ಸಾರ್. ತಪ್ಪು ಎಲ್ಲಿದೆ ತೋರ್ಸೋಕೇ ಅಲ್ವಾ ಸಂಬಳ ಕೊಡೋದು?" ಅಂದಳು ಹದ್ದಕ್ಕ.

ಅವನು ಕನ್ನಡಕ ನೋಡಿದ. "ನೀನು ಬೆಂಚಿಗೆ ಹೋಗಮ್ಮ."

ಹದ್ದಕ್ಕ ಕದಲಲಿಲ್ಲ. ಪಕ್ಕದ ಮೇಜಿನವಳು ಊಟದ ಚೀಲಕ್ಕೆ ಕೈ ಹಾಕಿದಳು. ಒಳಗಿಂದ ಬಟ್ಟೆಯಲ್ಲಿ ಸುತ್ತಿದ ಒಂದು ಕನ್ನಡಕ ಹೊರಬಂತು, ಹಾಕಿಕೊಂಡಳು. ಅವಳ ಆಚೆಯವಳು ಸೆರಗಿನ ಗಂಟು ಬಿಚ್ಚಿದಳು. ಅಲ್ಲೂ ಒಂದು. ಆ ಸಾಲಿನ ಕೊನೆಯವರೆಗೂ ಚೀಲಗಳಿಂದ, ಸೊಂಟದಿಂದ, ಡಬ್ಬಿಗಳ ಸಂದಿಯಿಂದ ಕನ್ನಡಕಗಳು ಹೊರಬಂದವು. ಒಬ್ಬಳದಕ್ಕೆ ಒಂದೇ ಕಡ್ಡಿ, ಇನ್ನೊಂದು ಕಡೆ ದಾರ. ಮನೆಯಲ್ಲಷ್ಟೇ ಹಾಕಿಕೊಂಡು ಇಲ್ಲಿ ಬಚ್ಚಿಟ್ಟುಕೊಳ್ಳುತ್ತಿದ್ದವರು ಇಷ್ಟು ಜನ ಅಂತ ಅವರಿಗೇ ಗೊತ್ತಿರಲಿಲ್ಲ.

ಸಾಲಿಗೆ ಸಾಲನ್ನೇ ಬೆಂಚಿಗೆ ಕಳಿಸಿದರೆ ಬಟ್ಟೆ ನೋಡುವವರು ಯಾರು? ಅವನು ತಲೆ ಕೆರೆದುಕೊಂಡ. ಮೇಲೆ ನೋಡಿದ. ಬೆಳಕು ಪಟಪಟ ಅಂದಿತು.

"ಎಲೆಕ್ಟ್ರಿಷಿಯನ್‌ನ ಕರೀತೀನಿ" ಅಂದ, ಬೇರೆ ಯಾರಿಗೋ ಹೇಳುವಂತೆ.

"ಕರೀರಿ ಸಾರ್" ಅಂದಳು ಹದ್ದಕ್ಕ, ಅಂಗಿಯೊಂದನ್ನು ಮೇಜಿನ ಮೇಲೆ ಹರವುತ್ತ. "ಏಣಿ ನಾನೇ ಹಿಡ್ಕೋತೀನಿ. ಬಾಣ ಅಂಟಿಸಿದವಳು ನಾನಲ್ವಾ."