ಪಲ್ಟಿ ಬೋನು

"ದೊಡ್ಡಮ್ಮ, ನೀವೆಲ್ಲಾ ಹೇಳ್ತಿದ್ದ ಪಲ್ಟಿ ಬೋನು ಇದೇ ಅಲ್ವಾ?" ರಜೆಗೆ ಬಂದಿದ್ದ ಮೈದುನನ ಮಗಳು ನಯನ ಫೋನನ್ನು ಮುಂದೆ ಹಿಡಿದಳು.

ಗಂಡನಿಗೆ ಗಂಜಿ ಕುಡಿಸುತ್ತಿದ್ದ ಸಿದ್ದಮ್ಮ ಚಮಚವನ್ನು ಬಟ್ಟಲಿಗಿಟ್ಟು ನೋಡಿದಳು. ಇಬ್ಬರು ನಿಲ್ಲುವಷ್ಟೇ ಜಾಗದ ಕಬ್ಬಿಣದ ಪಂಜರ. ಮೋಟಾರಿಲ್ಲ, ಒಳಗಿದ್ದವರೇ ಕಾಲಿಗೆ ಪಟ್ಟಿ ಕಟ್ಟಿಕೊಂಡು, ಬಗ್ಗಿ ಎದ್ದು ಜೀಕಬೇಕು. ಜೀಕು ಜೋರಾದರೆ ಪಂಜರ ತಲೆಕೆಳಗಾಗಿ ಸುತ್ತು ಬರುತ್ತದೆ. ಇಂಥವು ಈಗ ಎಲ್ಲೂ ಉಳಿದಿಲ್ಲವೆಂದು ಫೋನಿನಲ್ಲಿ ಯಾರೋ ಹೇಳುತ್ತಿದ್ದ.

"ಅದೇ ಕಣವ್ವ."

ಮಂಚದ ಮೇಲೆ ಗಂಗಾಧರನ ಅರ್ಧ ಬಾಯಿ ನಕ್ಕಿತು. ಪಾರ್ಶ್ವವಾಯು ಬಡಿದ ಮೇಲೆ ಅವನ ಮಾತು ತೊದಲುತ್ತಿತ್ತು. "ನಿಮ್ಮ ದೊಡ್ಡಮ್ಮ... ಅದ್ರಲ್ಲಿ... ಅತ್ತು ರಂಪ ಮಾಡಿದ್ಲು."

ಮನೆಯ ಪ್ರತಿ ಮದುವೆಯಲ್ಲೂ ಈ ಕತೆ ಹೇಳಿ ನಗಿಸಿದವನು ಅವನು. ಬೋನಿನಲ್ಲೇ ಜೀವ ಬಿಡುತ್ತಿದ್ದವಳನ್ನು ಒಬ್ಬಳನ್ನೇ ಬಸ್ಸಿಗೆ ಹತ್ತಿಸುವುದುಂಟೇ? ಸಂಘದ ಹೆಂಗಸರು ಪ್ರವಾಸ ಹೊರಟಾಗ ಅವಳ ಹೆಸರು ಬಿಟ್ಟರು. ತವರಿಗೂ ಗಂಡನ ಸ್ಕೂಟರಿನ ಹಿಂದೆಯೇ. ಅವನು ಹಾಸಿಗೆ ಹಿಡಿದ ಮೇಲೆ ಅದೂ ನಿಂತು, ಒಲೆ, ಹಿತ್ತಲು, ಮಂಚ, ಇಷ್ಟೇ ಉಳಿಯಿತು. ಬೆಳಿಗ್ಗೆಯಷ್ಟೇ ತಂಗಿ ಚಿಕ್ಕಗೌರಮ್ಮ ಹಾಲ್ಕುರಿಕೆಯಿಂದ ಫೋನು ಮಾಡಿದ್ದಳು. ಎದೆಯ ಆಪರೇಷನ್ ಮುಗಿಸಿ ಮನೆಗೆ ಬಂದಿದ್ದಳು. "ಒಂದ್ಸಲ ಬಂದೋಗಕ್ಕ, ನಿನ್ನ ನೋಡ್ಬೇಕು ಅನ್ಸುತ್ತೆ." ದೊಡ್ಡಪ್ಪನನ್ನು ನಾನು ನೋಡಿಕೊಳ್ಳುತ್ತೇನೆ ಎಂದು ನಯನ ಹೇಳಿದರೂ ಗಂಗಾಧರ ಗೋಡೆಯತ್ತ ಮುಖ ತಿರುಗಿಸಿದ್ದ.

ಮದುವೆಯಾದ ವರ್ಷ ಅಮ್ಮಸಂದ್ರದ ಕಡೆ ಬಯಲಲ್ಲಿ ಎಕ್ಸಿಬಿಷನ್ ಬಂದಿತ್ತು. ಬೋನಿನವನು ಇಬ್ಬರನ್ನೂ ಹತ್ತಿಸಿ ಹೊರಗಿನಿಂದ ಚಿಲಕ ಹಾಕಿದ. ಜೀಕುತ್ತ ಜೀಕುತ್ತ ತೆಂಗಿನ ಸುಳಿಗಳು ಕಾಲಡಿಗೆ ಬಂದವು. ಗಂಗಾಧರ ಸರಳು ತಬ್ಬಿ, ಕಣ್ಣು ಮುಚ್ಚಿ, "ಅಯ್ಯೋ, ನಿಲ್ಸೋ" ಎಂದು ಅಳತೊಡಗಿದ. ಅವಳಿಗೋ ಮೈಯೆಲ್ಲ ಹುಮ್ಮಸ್ಸು. ಬಗ್ಗಿ ಇನ್ನೊಮ್ಮೆ ಮೀಟಿದಳು. ಬೋನು ನೆತ್ತಿಯಲ್ಲಿ ಒಂದು ಕ್ಷಣ ನಿಂತು, ಆಚೆಗೆ ಪಲ್ಟಿ ಹೊಡೆಯಿತು. ಅವಳು ಕೂಗಿ ಕೂಗಿ ನಕ್ಕಳು. ಇಳಿದಾಗ ಗಂಡನ ಪ್ಯಾಂಟು ಒದ್ದೆಯಾಗಿತ್ತು. ಯಾರಿಗೂ ಕಾಣದ ಹಾಗೆ ಸೆರಗು ಹರಡಿಕೊಂಡು ಬಸ್ಸಿನವರೆಗೂ ಅವನ ಮುಂದೆ ನಡೆದಳು. ಮನೆಗೆ ಬಂದವನು ತಾಯಿಗೆ ಹೇಳಿದ: "ಇವಳು ಹೆದ್ರಿ ಅತ್ಬಿಟ್ಲು ಕಣವ್ವ." ಹೊಸ ಸೊಸೆ ಸುಮ್ಮನಿದ್ದಳು.

"ಅತ್ತಿದ್ದು ನಾನಲ್ಲ ಕಣೇ ನಯನ," ಎಂದಳು ಸಿದ್ದಮ್ಮ.

ತನ್ನ ದನಿ ತನಗೇ ಹೊಸದೆನಿಸಿತು.

"ಸುಳ್ಳು," ಎಂದ ಗಂಗಾಧರ.

"ಸುಳ್ಳೇನ್ರೀ? ಸೆರಗು ಅಡ್ಡ ಹಿಡ್ಕಂಡು ನಿಮ್ಮ ಮುಂದೆ ನಡೆದೋಳು ಯಾರು?"

ಅವನ ಮುಖದ ನಗು ಎಲ್ಲಿಗೆ ಹೋಯಿತೋ. ನಯನ ತಲೆ ತಗ್ಗಿಸಿ ಫೋನನ್ನು ಮಗುಚಿಟ್ಟಳು. ಹೊರಗೆ ಕಾಯಿ ಸುಲಿಯುವ ಸದ್ದು ಕೇಳುತ್ತಲೇ ಇತ್ತು.

"ನಾಳೆ ಹಾಲ್ಕುರಿಕೆಗೆ ಹೋಗ್ಬತ್ತೀನಿ."

"ಬಸ್ಸಲ್ಲಿ... ತಲೆ ಸುತ್ತತ್ತೆ."

"ಯಾರಿಗೆ?"

ಅವಳು ಅವನ ಗಲ್ಲದ ಮೇಲೆ ಇಳಿದಿದ್ದ ಗಂಜಿ ಒರೆಸುವಾಗ ಅವನು ಎಡಗೈಯಿಂದ ಅವಳ ಮಣಿಕಟ್ಟು ಹಿಡಿದುಕೊಂಡ. "ನೀನೋದ್ರೆ... ನಂಗೆ ಹೆದ್ರಿಕೆ ಕಣೇ."

ಇಷ್ಟು ವರ್ಷದಲ್ಲಿ ಆ ಮಾತನ್ನು ಅವನ ಬಾಯಿಂದ ಅವಳು ಕೇಳಿರಲಿಲ್ಲ. ಕೈ ಬಿಡಿಸಿಕೊಳ್ಳಲು ಮನಸ್ಸಾಗದೆ ಬಹಳ ಹೊತ್ತು ಅಲ್ಲೇ ಕೂತಳು. "ಸಂಜೆಯೊಳಗೆ ಬತ್ತೀನಿ ಬುಡಿ," ಎಂದಳು ಕೊನೆಗೆ.

ಮರುದಿನ ಅವನು ಅವಳ ಕೈಯಿಂದ ತಿಂಡಿ ತಿನ್ನಲಿಲ್ಲ. ತಟ್ಟೆಯನ್ನು ನಯನಳಿಗೆ ಕೊಟ್ಟು, ಎರಡು ಸಲ ಬಾಗಿಲಿಗೆ ಹೋಗಿ ಎರಡು ಸಲ ಹಿಂದಿರುಗಿ, ಮೂರನೆಯ ಸಲ ಹೊರಟಳು.

"ಎಲ್ಲಿಗಮ್ಮಾ?" ಎಂದ ಕಂಡಕ್ಟರ್.

"ತಿಪಟೂರಿಗಪ್ಪ. ಅಲ್ಲಿಂದ ಹಾಲ್ಕುರಿಕೆಗೆ ಸಿಗ್ತದಾ?"

"ಸಿಗುತ್ತೆ. ಆಧಾರ್ ತೋರ್ಸಿ, ನಿಮಗೆ ಫ್ರೀ."

ಹೆಂಗಸರಿಗೆ ಬಸ್ಸು ಪುಕ್ಕಟೆಯಾಗಿ ಯಾವ ಕಾಲವಾಯಿತು. ಅವಳ ಕಾರ್ಡು ಹೊರಗೆ ಬಂದದ್ದು ಇವತ್ತೇ. ಅವನು ಕೊಟ್ಟ ಟಿಕೆಟ್ಟಿನ ಚೀಟಿಯನ್ನು ಮಡಿಸಿ ಬಳೆಯೊಳಗೆ ಸಿಕ್ಕಿಸಿಕೊಂಡಳು. ಕಿಕ್ಕಿರಿದ ಬಸ್ಸಿನಲ್ಲಿ ಸೆಖೆ. ಪಕ್ಕದ ಕಿಟಕಿಯ ಗಾಜು ಕಚ್ಚಿಕೊಂಡಿತ್ತು. ಎರಡೂ ಅಂಗೈ ಒತ್ತಿ ನೂಕಿದಳು. ನಾಲ್ಕು ಬೆರಳಿನಷ್ಟು ಸರಿದು ನಿಂತಿತು. ಆ ಸಂದಿಗೆ ಮುಖವೊಡ್ಡಿ ಕೂತಳು.