ಅಂಪೋಮಾ ಅಜ್ಜಿ ಪೋಣಿಸಿದ ಬಿಳಿ ಮಣಿ

ಮೂರು ಗಂಡು ಹುಟ್ಟಿದ ಮನೆಯನ್ನು ಕಂಡು ನಮ್ಮೂರಿನಲ್ಲಿ ಯಾರೂ ಹೊಟ್ಟೆಕಿಚ್ಚು ಪಡುವುದಿಲ್ಲ. ನಾವು ಅಸಾಂಟೆ ಜನಾಂಗದವರು. ನಮ್ಮಲ್ಲಿ ಕುಲ ನಡೆಯುವುದು ತಾಯಿಯಿಂದ ಮಗಳಿಗೆ. ಮಗನ ಮಕ್ಕಳು ಸೊಸೆಯ ಕುಲಕ್ಕೆ ಸೇರಿಬಿಡುತ್ತಾರೆ. ಪಕ್ಕದ ಮನೆಯ ಅಂಪೋಮಾ ಅಜ್ಜಿಗೆ ತಿವಾ ಒಬ್ಬಳೇ ಮಗಳು. ತಿವಾಗೆ ಹುಟ್ಟಿದ ಮೂರೂ ಗಂಡು. ನಾಲ್ಕನೆಯ ಸಲ ತಿವಾ ಬಸುರಿಯಾದಾಗ ಅಜ್ಜಿಗೆ ಇದ್ದದ್ದು ಒಂದೇ ಜಪ, ಹೆಣ್ಣು.

ಆರೋಗ್ಯ ಕೇಂದ್ರದ ನರ್ಸ್ ಬೆನೆವಾ, ಜಿಲ್ಲಾ ಆಸ್ಪತ್ರೆಗೆ ಹೋಗಿ ಸ್ಕ್ಯಾನ್ ಮಾಡಿಸಿಕೊಂಡು ಬನ್ನಿ ಎಂದಿದ್ದಳು. ಅಜ್ಜಿಗೆ ಅಷ್ಟು ದೂರ ಯಾಕೆ ಅನ್ನಿಸಿತು. ಲಾರಿ ನಿಲ್ದಾಣದ ಪಕ್ಕದಲ್ಲೇ ಒಂದು ಸ್ಕ್ಯಾನ್ ಅಂಗಡಿ ಇತ್ತಲ್ಲ. ಅಲ್ಲಿಯವನು ಪರದೆ ನೋಡಿ "ಹೆಣ್ಣು" ಎಂದ. ಅಜ್ಜಿ ಅಂಗಡಿಯ ಬಾಗಿಲಲ್ಲೇ ಸೊಂಟ ಕುಣಿಸಿದಳು. ಅಂದೇ ಸಂತೆಯಿಂದ ಬಿಳಿ ಮಣಿ ತಂದು ಮೊಮ್ಮಗಳ ಸೊಂಟಕ್ಕೆಂದು ಪೋಣಿಸಲು ಕೂತಳು. ತಿಂಗಳ ತಪಾಸಣೆಯೂ ನಿಂತಿತು. ನೋಡುವುದನ್ನೆಲ್ಲ ನೋಡಿ ಆಯಿತಲ್ಲ ಎಂಬುದು ಅವಳ ಲೆಕ್ಕ.

ನಾನು ಕೂಡುರಸ್ತೆಯಲ್ಲಿ ಬಾಳೆಕಾಯಿ ಸುಟ್ಟು ಮಾರುವವಳು. ಒಂದು ಬೆಳಿಗ್ಗೆ ಕೆಂಡ ಕೇಳಲು ಅವರ ಹಿತ್ತಲಿಗೆ ಹೋದರೆ ತಿವಾ ಬಟ್ಟೆ ಒಗೆಯುತ್ತಿದ್ದಳು. ನೀರು ಕೆಂಪಾಗಿತ್ತು.

"ಏನೇ ಇದು?"

"ನಿನ್ನೆಯಿಂದ ಸ್ವಲ್ಪ ಸ್ವಲ್ಪ ಹೋಗ್ತಿದೆ ಅಕ್ಕ. ನೋವೇನಿಲ್ಲ. ನೋವಿಲ್ದಿದ್ರೆ ಭಯ ಇಲ್ಲ ಅಂತಾಳೆ ಅವ್ವ."

ನಾನು ಕೆಂಡದ ಮಾತು ಮರೆತು ಬೆನೆವಾಗೆ ಫೋನು ಮಾಡಿದೆ. ಅವಳು ಸ್ಕೂಟರಿನಲ್ಲಿ ಬಂದಾಗ ಅಜ್ಜಿ ಊಟಕ್ಕೆ ಫುಫು ಮುದ್ದೆ ಕುಟ್ಟುತ್ತಿದ್ದಳು.

"ಬಾ ನರ್ಸಮ್ಮ, ಊಟದ ಹೊತ್ತಿಗೇ ಬಂದೆ. ಆದ್ರೆ ಸ್ಕ್ಯಾನ್ ಮಾತು ಎತ್ಬೇಡ. ಅದು ಆಗೋಯ್ತು."

"ಆಯ್ತಾ? ಮಾಸು ಎಲ್ಲಿದೆ ಅಂದ್ರು?"

"ಅದನ್ನ ಕೇಳ್ಲಿಲ್ಲ."

"ಮಗು ತಲೆ ಮೇಲಿದೆಯೋ ಕೆಳಗಿದೆಯೋ?"

"ಅದನ್ನೂ ಕೇಳ್ಲಿಲ್ಲ. ಹೆಣ್ಣಾ ಅಂದ್ವಿ, ಹೂಂ ಅಂದ. ಇನ್ನೇನು ಬೇಕು?"

"ಮನೆ ನೋಡೋಕೆ ಹೋಗಿ ಬಾಗಿಲಿನ ಬಣ್ಣ ನೋಡ್ಕೊಂಡು ಬಂದ್ರಿ ಅಜ್ಜಿ ನೀವು." ಬೆನೆವಾ ನಗಲಿಲ್ಲ. "ಕೆಲವರಿಗೆ ಹೊಟ್ಟೇಲಿ ಮಗುವಿಗೆ ಅನ್ನ ಕೊಡೋ ಮಾಸು ಕೆಳಗಿಳಿದು ಗರ್ಭದ ಬಾಯಿಗೆ ಅಡ್ಡ ಕೂತಿರುತ್ತೆ. ಆಗ ನೋವಿಲ್ದೇನೇ ರಕ್ತ ಹೋಗುತ್ತೆ. ಅಂಥೋರು ಮನೇಲಿ ಹೆತ್ರೆ ತಾಯಿನೂ ಉಳಿಯಲ್ಲ, ಮಗೂನೂ ಉಳಿಯಲ್ಲ. ಅದನ್ನ ನೋಡೋಕೇ ಸ್ಕ್ಯಾನಿಗೆ ಕಳಿಸಿದ್ದು ನಾನು."

"ಮೂರು ಮಕ್ಕಳನ್ನ ಈ ಕೈಯಾರೆ ಹಿಡ್ದಿದೀನಿ," ಎಂದು ಅಜ್ಜಿ ಒನಕೆ ಎತ್ತಿದಳು. "ನಮ್ಮ ಹೆಣ್ಣು ನಮ್ಮ ಕೋಣೇಲೇ ಹುಟ್ಬೇಕು. ನೀನು ನಿನ್ನೆ ಮೊನ್ನೆ ಬಂದೋಳು."

ಅಜ್ಜಿಯ ಎದುರು ಎಂದೂ ಬಾಯಿ ತೆರೆಯದ ತಿವಾ ಅಂದು ಮಾತಾಡಿದಳು.

"ಅವ್ವಾ, ನನಗೆ ಭಯ ಆಗ್ತಿದೆ. ದಿನಾ ಆ ಮಣಿ ನೋಡ್ತಾ ಕೂತಿರ್ತೀಯ. ಒಂದ್ಸಲ ನನ್ನ ಮುಖ ನೋಡು."

ಅಜ್ಜಿ ತಿರುಗಿ ನೋಡಿದಳು. ಮಗಳ ತುಟಿ ಬಿಳಿಚಿಕೊಂಡಿತ್ತು. ಒನಕೆಯನ್ನು ಗೋಡೆಗೆ ಒರಗಿಸಿ, ಒಳಗೆ ಹೋಗಿ, ಹೊದೆಯುವ ಬಟ್ಟೆ ತಂದು ಮಗಳಿಗೆ ಹೊದಿಸಿದಳು. ನಾನು ಟ್ಯಾಕ್ಸಿ ಕರೆಯಲು ಓಡಿದೆ.

ಜಿಲ್ಲಾ ಆಸ್ಪತ್ರೆಯಲ್ಲಿ ಸ್ಕ್ಯಾನ್ ಆಯಿತು. ಬೆನೆವಾ ಹೆದರಿದಂತೆಯೇ ಮಾಸು ಗರ್ಭದ ಬಾಯಿಗೆ ಅಡ್ಡ ಕೂತಿತ್ತು. ತಿವಾಳನ್ನು ಅಲ್ಲೇ ಇರಿಸಿಕೊಂಡರು. ಕೆಲವು ವಾರ ಕಳೆದ ಮೇಲೆ ಮತ್ತೆ ರಕ್ತ ಜೋರಾಗಿ ಹೋಯಿತು. ವೈದ್ಯರು ಕೂಡಲೇ ಆಪರೇಷನ್ ಮಾಡಿದರು. ಅವಳ ಗಂಡ ಸಾರ್ಪಾಂಗ್ ರಕ್ತ ಕೊಟ್ಟ, ನಾನೂ ಕೊಟ್ಟೆ. ಇದೇ ರಕ್ತ ಮನೆಯಲ್ಲಿ ಹೋಗಿದ್ದರೆ ಅವಳು ಉಳಿಯುತ್ತಿರಲಿಲ್ಲ.

ಆಸ್ಪತ್ರೆಯ ನರ್ಸ್ ಮಗುವನ್ನು ಸುತ್ತಿ ತಂದು ಅಜ್ಜಿಯ ಮುಂದೆ ಹಿಡಿದಳು. "ಗಂಡುಮಗು."

ಸಾರ್ಪಾಂಗ್ ನೆಲ ನೋಡಿದ. ಅಜ್ಜಿ ಏನಂದಾಳೋ ಎಂದು ನಾನು ಅವಳ ಮುಖ ನೋಡಿದೆ.

"ನನ್ನ ಮಗಳು ಹೆಂಗಿದಾಳೆ?" ಎಂದಳು ಅಜ್ಜಿ.

"ಚೆನ್ನಾಗಿದಾರೆ. ಎಚ್ಚರ ಆಗಿದೆ."

ಒಳಗೆ ಹೋದಾಗ ಅಜ್ಜಿ ಸೆರಗಿನ ಗಂಟು ಬಿಚ್ಚಿ ಮಣಿಸರ ತೆಗೆದಳು. ಹೆತ್ತು ಬದುಕಿ ಬಂದ ತಾಯಿಗೆ ನಮ್ಮಲ್ಲಿ ಬಿಳಿ ಮಣಿ ತೊಡಿಸುತ್ತಾರೆ. ಮಗುವಿನ ಸೊಂಟದ ಅಳತೆಯ ಆ ಸರ ತಿವಾಳ ಮಣಿಕಟ್ಟಿಗೆ ಎರಡು ಸುತ್ತು ಬಂತು.

"ಹೆಣ್ಣು ಹೆಣ್ಣು ಅಂತ ಎಲ್ಲೆಲ್ಲೋ ಹುಡುಕಿದೆ ಕಣೇ," ಎಂದಳು ಅಜ್ಜಿ. ಅವಳ ಕಣ್ಣಿನಿಂದ ನೀರು ಇಳಿಯುತ್ತಿತ್ತು. "ನಮ್ಮ ಮನೆ ಹೆಣ್ಣು ನನ್ನ ಮುಂದೇನೇ ಇತ್ತು. ಇನ್ನೇನು ಕಳ್ಕೋತಿದ್ದೆ."

ಆಮೇಲೆ ಮೂಗು ಒರೆಸಿಕೊಂಡು, "ಆ ಅಂಗಡಿಯವನ ಕಣ್ಣಿಗೆ ಮೊದ್ಲು ಸ್ಕ್ಯಾನ್ ಮಾಡಿಸ್ಬೇಕು," ಎಂದಳು. ತಿವಾ ಹೊಲಿಗೆ ನೋವಿನಲ್ಲೂ ನಕ್ಕಳು.

ಇದನ್ನು ಓದುತ್ತಿರುವ ಅಜ್ಜಿಯರೇ, ಅತ್ತೆಯರೇ, ಗಂಡಂದಿರೇ, ಸ್ಕ್ಯಾನ್ ಇರುವುದು ಹೆಣ್ಣೋ ಗಂಡೋ ಎಂದು ತಿಳಿಯಲಿಕ್ಕಲ್ಲ. ತಾಯಿ ಹೇಗಿದ್ದಾಳೆ, ಮಗು ಹೇಗೆ ಮಲಗಿದೆ, ಮಾಸು ಎಲ್ಲಿದೆ ಎಂದು ಕೇಳಿ. ಒಂದು ಸ್ಕ್ಯಾನ್ ಆಯಿತೆಂದು ತಪಾಸಣೆ ಬಿಡಬೇಡಿ. ಬಸುರಿಗೆ ರಕ್ತ ಕಂಡರೆ, ನೋವಿರಲಿ ಇಲ್ಲದಿರಲಿ, ಆಗಲೇ ಆಸ್ಪತ್ರೆಗೆ ಹೊರಡಿ. ಬರುವ ಮಗುವಿನ ದಾರಿ ಕಾಯುವಾಗ, ಅದನ್ನು ಹೊತ್ತವಳ ಮುಖವನ್ನು ದಿನಕ್ಕೊಂದು ಸಲವಾದರೂ ನೋಡಿ.