ಒಂದು ಹೆಣ್ಣಿಗೆ ಎರಡು ಗಂಡು

ನನ್ನ ಗಂಡ ಕರಿಸಿದ್ದಪ್ಪ ಕೊಟ್ಟೂರಿನ ಕಾಲೇಜಿನಲ್ಲಿ ಪ್ರಯೋಗಾಲಯದ ಜವಾನ. ೧೯೮೪ರ ಬೇಸಿಗೆ ರಜೆಯಲ್ಲಿ ಅಲ್ಲಿನ ಜೀವಶಾಸ್ತ್ರದ ಹಾಲಸ್ವಾಮಿ ಮೇಷ್ಟ್ರು ತರಬೇತಿಗೆಂದು ಎರಡು ತಿಂಗಳು ಮೈಸೂರಿಗೆ ಹೊರಟಾಗ, ಮದ್ರಾಸಿನಿಂದ ತರಿಸಿದ್ದ ಒಂಬತ್ತು ಮೀಸೆ ಮೀನುಗಳನ್ನು ನಮ್ಮ ಮನೆಗೆ ಸಾಗಿಸಿದರು. ಜೊತೆಗೆ ಮೂರಡಿಯ ಗಾಜಿನ ತೊಟ್ಟಿ, ಸಾಕುವ ಬಗೆ ಬರೆದ ಒಂದು ಚೀಟಿ. ಮೇಲಿನಿಂದ ನೋಡಿದರೆ ಅಗಲವಾಗಿ ಕಾಣುವುದು ಹೆಣ್ಣು, ಸಣಕಲು ಗಂಡು. ಮರಿ ಆಗಬೇಕಾದರೆ ಒಂದು ಹೆಣ್ಣಿಗೆ ಎರಡು ಗಂಡು ಬಿಡಬೇಕು. ತೊಟ್ಟಿ ಎರಡಡಿಗಿಂತ ಚಿಕ್ಕದಿರಬಾರದು. ವಾರಕ್ಕೊಮ್ಮೆ ತಣ್ಣೀರು ಬದಲಿಸಬೇಕು.

ಇವರು ಓದಿ ನಕ್ಕರು. "ಮೇಷ್ಟ್ರು ಅವಸರದಾಗ ಉಲ್ಟಾ ಬರದಾರ."

ಕುರಿ ಕಾಯ್ದ ಮನೆತನ. ಇಪ್ಪತ್ತೈದು ಕುರಿಗೆ ಒಂದು ಟಗರು ಸಾಕು, ಎರಡಾದರೆ ತಲೆ ಒಡೆದುಕೊಳ್ಳುತ್ತವೆ ಎಂಬುದು ಇವರ ಮನೆಯಲ್ಲಿ ತೊಟ್ಟಿಲ ಕೂಸಿಗೂ ಗೊತ್ತು. ಹಾಗಾಗಿ ಆರು ಹೆಣ್ಣಿನ ಜೊತೆ, ಇದ್ದುದರಲ್ಲಿ ಗಟ್ಟಿಮುಟ್ಟಾದ ಒಂದೇ ಗಂಡನ್ನು ತೊಟ್ಟಿಗೆ ಬಿಟ್ಟರು. ಉಳಿದೆರಡು ಗಂಡು ಹಿತ್ತಲಿನ ಹಂಡೆ ಸೇರಿದವು. ಚೀಟಿಯ ಸುದ್ದಿ ಕೇಳಿ ನಮ್ಮತ್ತೆ ಕೊಟ್ರಬಸಮ್ಮನಿಗೆ ಮೈಯೆಲ್ಲ ಉರಿಯಿತು.

"ಒಂದ್ ಹೆಣ್ಣಿಗೆ ಎಳ್ಡು ಗಂಡಾ? ಇಂಥಾದ್ದು ಕಲಸಾಕ ಸರ್ಕಾರ ಪಗಾರ ಕೊಡತೈತೇನು?"

ಐದು ವಾರ ಕಳೆದರೂ ಒಂದು ಮೊಟ್ಟೆಯಿಲ್ಲ. ಅತ್ತೆ ಬೆಳಿಗ್ಗೆ ಎದ್ದವರೇ ತೊಟ್ಟಿಗೆ ಇಣುಕುವರು, ಆಮೇಲೆ ನನ್ನ ಹೊಟ್ಟೆ ನೋಡುವರು. "ಎಲ್ಲಾ ಬಂಜಿ ಅದಾವು" ಎನ್ನುವರು. ನನಗೆ ಮದುವೆಯಾಗಿ ಏಳು ವರ್ಷ, ಮಕ್ಕಳಿಲ್ಲ. ಆ ಮಾತು ಮೀನಿಗಲ್ಲ ಎಂದು ತಿಳಿಯದಷ್ಟು ದಡ್ಡಿ ನಾನಲ್ಲ.

ಒಂದು ಸಂಜೆ ನಾನು ರೊಟ್ಟಿ ಬಡಿಯುತ್ತಿದ್ದಾಗ ಅತ್ತೆ ಉಪ್ಪು ಕೇಳಿದಷ್ಟು ಸಲೀಸಾಗಿ ಹೇಳಿದರು. "ಸಿದ್ದಗ ಕೂಡ್ಲಿಗಿ ಕಡೆ ಹುಡುಗಿ ನೋಡೀವಿ. ಬರೋ ಸೋಮವಾರ ಎಲಿ ಅಡಕಿ ಶಾಸ್ತ್ರ. ನೀನೂ ಇದ ಮನ್ಯಾಗ ಇರು, ಬ್ಯಾಡ ಅನ್ನಂಗಿಲ್ಲ."

ಇವರ ಮುಖ ನೋಡಿದೆ. ಇವರು ತಲೆ ಎತ್ತಲಿಲ್ಲ. ಅಂದರೆ ಗೊತ್ತಿತ್ತು, ಒಪ್ಪಿಯೂ ಆಗಿತ್ತು. ಹೆಂಚಿನ ಮೇಲಿನ ರೊಟ್ಟಿ ಕರಕಲಾಗುವುದು ಕಾಣುತ್ತಿತ್ತು, ತೆಗೆಯಲು ಆಗಲಿಲ್ಲ.

ಮರುದಿನ ತಾಯಿ ಮಗ ಸೀರೆ ತರಲು ಹರಪನಹಳ್ಳಿಗೆ ಹೋದರು. ಸಿಟ್ಟನ್ನು ಯಾರ ಮೇಲೆ ತೀರಿಸಿಕೊಳ್ಳಲಿ? ಮೇಷ್ಟ್ರ ಚೀಟಿ ತೆಗೆದೆ. ಆ ಗಟ್ಟಿಮುಟ್ಟು ಗಂಡನ್ನೂ ಐದು ಹೆಣ್ಣನ್ನೂ ಹಂಡೆಗೆ ಹಾಕಿದೆ. ತೊಟ್ಟಿಯಲ್ಲಿ ಉಳಿದ ಒಂದೇ ಹೆಣ್ಣಿನ ಜೊತೆ ಹಂಡೆಯ ಎರಡು ಸಣಕಲು ಗಂಡುಗಳನ್ನು ಬಿಟ್ಟೆ. ಮದುವೆಯ ಗಡಿಬಿಡಿಯಲ್ಲಿ ಮೀನು ಎಣಿಸುವ ಪುರುಸೊತ್ತು ಯಾರಿಗೂ ಇರಲಿಲ್ಲ.

ಭಾನುವಾರ ಬೆಳಿಗ್ಗೆ ಗಾಜಿನ ತುಂಬ ನೆನೆಸಿದ ಸಬ್ಬಕ್ಕಿಯಂತೆ ಮೊಟ್ಟೆಗಳು ಅಂಟಿದ್ದವು. ಮೊದಲು ಕಂಡವರು ಅತ್ತೆ. ಖುಷಿಯಿಂದ ಮಗನನ್ನು ಕರೆದರು. "ನೋಡಲೇ ಸಿದ್ದ, ಬರೋ ಸೊಸಿ ಕಾಲ್ಗುಣ."

ನನಗೆ ತಡೆಯಲಾಗಲಿಲ್ಲ. "ಹೆಣ್ಣು ಹಳೇದ ಐತಿ ಅತ್ತಿ. ಗಂಡು ಬದಲಿ ಮಾಡೀನಿ."

ಅತ್ತೆ ಕೈ ಎತ್ತಿದರು. ಇವರು ನಡುವೆ ಬಂದು ಆ ಕೈ ಹಿಡಿದರು. "ಬಿಡವ್ವಾ. ಹಡಗಲಿ ಡಾಕ್ಟ್ರು ಎಳ್ಡು ವರ್ಷದ ಹಿಂದ ಹೇಳ್ಯಾರ. ಕೊರತಿ ನನ್ನಾಗ ಐತಿ."

ಎರಡು ವರ್ಷ. ಆ ಎರಡು ವರ್ಷವೂ ನಾನು ಮಕ್ಕಳಾಗಲೆಂದು ಬೇರಿನ ಕಷಾಯ ಕುಡಿದಿದ್ದೆ. ದಿನಾ ಕುದಿಸಿ ಕೈಗೆ ಕೊಟ್ಟವರು ಇವರೇ.

"ಮತ್ತ ಆ ಹುಡುಗಿಗೆ ಯಾಕ ಒಪ್ಪಿದ್ರಿ?"

"ಆಕಿಗೂ ಮಕ್ಕಳಾಗಂಗಿಲ್ಲ. ಆವಾಗ ನಿನ್ನೊಬ್ಬಾಕಿನ್ನ ಯಾರೂ ಬಂಜಿ ಅನ್ನಂಗಿಲ್ಲ ಅನಕಂಡೆ."

ಪ್ರೀತಿಯಿಂದಲೇ ಹೇಳಿದರು. ಗೂಟದಲ್ಲಿದ್ದ ಇವರ ಅಂಗಿ ತೆಗೆದು ಮೈಮೇಲೆ ಎಸೆದೆ. "ನಡೀರಿ. ಈಗ ಅಂದದ್ದನ್ನ ಕೂಡ್ಲಿಗಿಗೆ ಬಂದು ಆ ಹುಡುಗಿ ಮುಂದ ಅನ್ರಿ."

ಅತ್ತೆ ಹೊಸ್ತಿಲಿಗೆ ಅಡ್ಡ ಕಾಲು ಚಾಚಿ ಕುಳಿತರು. "ಬಂಜಿ ಅಂದ್ರ ನಿನ್ನನ್ನ ಅನ್ಲಿ. ನನ್ನ ಮಗನ್ನ ಅನ್ನಾದು ಬ್ಯಾಡ."

ನಾನು ಆ ಕಾಲು ದಾಟಿ ಹೊರಗೆ ಬಂದೆ. ಬಸ್ ನಿಲ್ದಾಣದಲ್ಲಿ ಒಂದು ಬಸ್ಸು ಬಿಟ್ಟು ಕಾದೆ. ಎರಡನೆಯದು ಬಂದಾಗಲೂ ಇವರು ಬಂದಿರಲಿಲ್ಲ. ಕೂಡ್ಲಿಗಿಗೆ ಒಂದೇ ಟಿಕೆಟು ತೆಗೆದುಕೊಂಡೆ.